ಎಲ್ಲರ ಹಗ್ಗ ಹಿಡಿದ ಗುಣಪಾಲ

ಕಾಪುವಿನ ಗುಣಪಾಲನಿಗೆ ಒಂದು ಕಡೆ ಕುಳಿತುಕೊಳ್ಳುವುದೆಂದರೆ ಶಿಕ್ಷೆ. ಊಟಕ್ಕೆ ಕುಳಿತರೂ ಒಂದು ಮಂಡಿ ಮೇಲೆತ್ತಿಯೇ ಇರುತ್ತಿತ್ತು, ಯಾರಾದರೂ ಕರೆದರೆ ಏಳಲು ತಡವಾಗಬಾರದು ಎಂಬಂತೆ. ಮದುವೆಯಾದ ಹೊಸತರಲ್ಲಿ ಹೆಂಡತಿ ನಳಿನಾಕ್ಷಿ ಇದನ್ನು ತನ್ನ ಅಡುಗೆಯ ಮೇಲಿನ ಅಸಮಾಧಾನವೆಂದು ತಿಳಿದು ಅತ್ತಿದ್ದಳಂತೆ. "ಅವನು ತೊಟ್ಟಿಲಲ್ಲಿಯೂ ಹಾಗೆಯೇ ಇದ್ದದ್ದು" ಎಂದು ಅತ್ತೆಯೇ ಹೇಳಿದ ಮೇಲೆ ಅಳುವುದನ್ನು ಬಿಟ್ಟಳು. ಐವತ್ತು ದಾಟಿದ ಮೇಲೂ ಆ ಮಂಡಿ ಕೆಳಗಿಳಿಯಲಿಲ್ಲ.

ಅವನದು ಕೈರಂಪಣಿಯ ಕೆಲಸ. ದೋಣಿಯವರು ಉದ್ದದ ಬಲೆಯನ್ನು ಕಡಲಿನಲ್ಲಿ ಬಿಲ್ಲಿನ ಹಾಗೆ ಬಾಗಿಸಿ ಬಿಟ್ಟು ಬರುತ್ತಾರೆ. ಆಮೇಲೆ ಬಲೆಯ ಎರಡು ತುದಿಗಳ ಹಗ್ಗವನ್ನು ದಡದಲ್ಲಿ ಎರಡು ಸಾಲು ಜನ ನಿಂತು ಮರಳಿನ ಮೇಲಕ್ಕೆ ಎಳೆಯುತ್ತಾರೆ. ಯಂತ್ರವಿಲ್ಲ, ಡೀಸೆಲ್ ಇಲ್ಲ. ಇಂಥ ತಂಡಕ್ಕೆ ಅಲ್ಲಿಯವರು ಫಂಡು ಎನ್ನುತ್ತಾರೆ. ಗುಣಪಾಲನ ಫಂಡಿಗೆ ಹಿರಿಯ ಕೂಸಪ್ಪ. ಅವನು ಮಾತು ಕಡಿಮೆಯ ಮನುಷ್ಯ. ಆ ಕೊರತೆಯನ್ನೆಲ್ಲ ಗುಣಪಾಲ ತುಂಬಿಸಿಕೊಡುತ್ತಿದ್ದ. ಎಳೆಯುವಾಗ ಎಲ್ಲರ ಕಾಲು ಒಟ್ಟಿಗೆ ಹಿಂದೆ ಬೀಳಬೇಕಾದರೆ ಒಬ್ಬ ಕೂಗು ಹಾಕಬೇಕು. ಆ ಕೂಗು ಗುಣಪಾಲನದು. ಗಾಳಿಯನ್ನು ಸೀಳಿಕೊಂಡು ಆಚೆ ಸಾಲಿನ ತನಕ ಹೋಗುವ ಗಂಟಲು ಅವನಿಗಿತ್ತು.

ರಂಪಣಿಯಲ್ಲಿ ಒಂದು ಕಟ್ಟಳೆ ಉಂಟು. ಹಗ್ಗಕ್ಕೆ ಕೈ ಹಾಕಿದವನಿಗೆ ಮೀನು ಕೊಡಬೇಕು. ಫಂಡಿನವರಿಗೆ ಪಾಲು ಹೇಗೂ ಇದ್ದದ್ದೇ, ದಾರಿಯಲ್ಲಿ ಹೋಗುವವನು ಬಂದು ಸ್ವಲ್ಪ ಎಳೆದರೂ ಅವನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ. ಗುಣಪಾಲ ಹುಟ್ಟಿದಂದಿನಿಂದ ಕಂಡ ನ್ಯಾಯವೆಂದರೆ ಇದೊಂದೇ. ಲೋಕವೆಲ್ಲ ಹೀಗೆಯೇ ನಡೆಯುತ್ತದೆ ಎಂದು ಅವನು ತಿಳಿದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಕಡಲಿನ ಬದಿಯಲ್ಲೇ ಕೂದಲು ನರೆತ ಮನುಷ್ಯನಲ್ಲದೆ ಬೇರೆ ಯಾರೂ ಅಷ್ಟು ದೊಡ್ಡ ತಪ್ಪು ಮಾಡುತ್ತಿರಲಿಲ್ಲ.

ಅವನು ಪರಿಸರ ಉಳಿಸುವವರ ಕೈಗೆ ಸಿಕ್ಕಿದ್ದು ಒಂದು ಭಾನುವಾರ. ದೀಪಸ್ತಂಭದ ಬಳಿ ಹಸಿರು ಟೀಶರ್ಟಿನ ಒಂದು ದಂಡು ಪ್ಲಾಸ್ಟಿಕ್ ಹೆಕ್ಕುತ್ತಿತ್ತು. ಮರಳಿನಲ್ಲಿ ಹೂತುಹೋಗಿದ್ದ ಹಳೆಯ ಬಲೆಯೊಂದನ್ನು ಎಳೆದು ತೆಗೆಯಲು ಕಾಲೇಜು ಮಕ್ಕಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಒದ್ದಾಡುತ್ತಿದ್ದರು. ಗುಣಪಾಲನಿಗೆ ನೋಡಿ ನಿಲ್ಲಲಾಗಲಿಲ್ಲ. ಹೋಗಿ ಕೈ ಹಾಕಿ ಒಂದು ಕೂಗು ಕೊಟ್ಟ. ಬಲೆ ಬಂತು, ಮಕ್ಕಳು ಚಪ್ಪಾಳೆ ತಟ್ಟಿದರು. ಹಗ್ಗ ಎಳೆದದ್ದಕ್ಕೆ ಅವನಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ದಂಡನ್ನು ಕರೆತಂದಿದ್ದ ಸಂತೆಕಟ್ಟೆಯ ಸೆಲೀನ್ ಅವನಿಗೂ ಒಂದು ಟೀಶರ್ಟು ಕೊಟ್ಟಳು. ಅವಳು ಮನೆಮನೆಯ ಹಸಿ ಕಸವನ್ನು ಗೊಬ್ಬರ ಮಾಡಿಸುವ ಹೆಂಗಸರ ಗುಂಪಿನ ಮುಂದಾಳು. "ಮುಂದಿನ ವಾರ ಉಡುಪಿಯಲ್ಲಿ ಕಾರ್ಯಕ್ರಮ ಉಂಟು, ಗುಣಪಾಲಣ್ಣ. ನಿಮ್ಮಂಥವರು ಬರಬೇಕು" ಎಂದಳು.

ಹೋದ. ಅಲ್ಲಿಂದ ಅವನ ಕಾಲಿಗೆ ಚಕ್ರ ಬಂತು. ಅಜ್ಜರಕಾಡಿನ ಪಾರ್ಕಿನಲ್ಲಿ ಬಟ್ಟೆಚೀಲ ಹಂಚುವುದು, ಅಂಬಲಪಾಡಿಯಲ್ಲಿ ಬಾವಿಗೆ ಮಳೆನೀರು ಇಂಗಿಸುವ ಬಗ್ಗೆ ಮಾಹಿತಿ, ಪೆರ್ಡೂರಿನ ಶಾಲೆಯಲ್ಲಿ ಗಿಡ ನೆಡುವುದು, ಮಣಿಪಾಲದಲ್ಲಿ ವಿಚಾರ ಸಂಕಿರಣ. ಎಲ್ಲಿ ಬ್ಯಾನರ್ ಕಟ್ಟಿದರೂ ಅದರ ಒಂದು ದಾರವನ್ನು ಗುಣಪಾಲ ಹಿಡಿದುಕೊಂಡಿರುತ್ತಿದ್ದ.

ಈ ಸಭೆಗಳಲ್ಲಿ ಭಾಷಣಕ್ಕಿಂತ ಚಹಾದ ವಿರಾಮವೇ ಮುಖ್ಯ ಎಂದು ಅವನಿಗೆ ಬೇಗ ಗೊತ್ತಾಯಿತು. ಮಣಿಪಾಲದಲ್ಲಿ ಕಾಗದದ ಲೋಟ ನಿಷಿದ್ಧ, ಪ್ರತಿಯೊಬ್ಬರೂ ತಮ್ಮ ತಮ್ಮ ಲೋಟ ತರಬೇಕು. ಪ್ರೊಫೆಸರರು ಕೂಡ ಚೀಲದಿಂದ ಸ್ಟೀಲ್ ಲೋಟ ತೆಗೆದು ಸಾಲಿನಲ್ಲಿ ನಿಲ್ಲುತ್ತಿದ್ದರು. ರಾಗಿ ಬಿಸ್ಕತ್ತು ಹಲ್ಲಿಗೆ ಸವಾಲು ಹಾಕುತ್ತಿತ್ತು. ಆ ಸಾಲಿನಲ್ಲಿ ಯಾರು ಯಾರನ್ನು ಹುಡುಕುತ್ತಿದ್ದಾರೆ, ಯಾರು ಯಾರಿಂದ ತಪ್ಪಿಸಿಕೊಳ್ಳುತ್ತಿದ್ದಾರೆ ಎಂಬುದು ಅವನಿಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಸೆಲೀನಳಿಗೆ ಹಾಸ್ಟೆಲಿನ ಉಳಿದ ಅನ್ನ ಬೇಕು, ಹಾಸ್ಟೆಲಿನವರಿಗೆ ಅದು ಹೋದರೆ ಸಾಕು. ಇಬ್ಬರನ್ನೂ ಭುಜ ಹಿಡಿದು ಎದುರುಬದುರು ನಿಲ್ಲಿಸಿದ. ಕಾರ್ಕಳದಲ್ಲಿ ಗುಡ್ಡ ಉಳಿಸಲು ಓಡಾಡುತ್ತಿದ್ದ ಡ್ರಾಯಿಂಗ್ ಮೇಷ್ಟ್ರು ಯಶ್ವಂತನಿಗೆ ಮೇಲಿನಿಂದ ಫೋಟೋ ತೆಗೆಯುವವರು ಬೇಕಿತ್ತು, ಮಣಿಪಾಲದಲ್ಲಿ ಕರಾವಳಿಯ ಬಗ್ಗೆ ಸಂಶೋಧನೆ ಮಾಡುವ ಶ್ರೇಯಾಳ ಹತ್ತಿರ ಡ್ರೋನ್ ಇತ್ತು. "ಮಾತಾಡಿ, ಮಾತಾಡಿ, ನಾಚಿಕೆ ಎಂತಕ್ಕೆ" ಎಂದು ಇಬ್ಬರ ನಡುವೆ ನಿಂತು ನಕ್ಕ. ಇದಕ್ಕೆ ಅವರ ಭಾಷೆಯಲ್ಲಿ ನೆಟ್‌ವರ್ಕಿಂಗ್ ಎನ್ನುತ್ತಾರೆ ಎಂದು ಶ್ರೇಯಾ ಹೇಳಿದಾಗ ಅವನಿಗೆ ಬಹಳ ಖುಷಿಯಾಯಿತು. ಅದಕ್ಕೊಂದು ಹೆಸರಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ವೇದಿಕೆಯ ಮೇಲೆ ಅವನನ್ನು "ಕಡಲ ಮಕ್ಕಳ ಪ್ರತಿನಿಧಿ" ಎಂದು ಕರೆಯತೊಡಗಿದರು. ಯಾರು ಆರಿಸಿದ ಪ್ರತಿನಿಧಿ ಎಂದು ಯಾರೂ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮನೆಗೆ ಬಂದರೆ ಫೋನು ಗುಂಯ್‌ಗುಡುತ್ತಿತ್ತು. ಗ್ರೂಪುಗಳು, ಆಹ್ವಾನಗಳು, ಎಲೆಯ ಚಿತ್ರ, ಕೈಮುಗಿದ ಚಿತ್ರ. ಮಣಿಪಾಲದಲ್ಲಿದ್ದಾಗ ಕಡಲಿನಲ್ಲಿ ಮೀನಿನ ಹಿಂಡು ಬಂತೋ ಎಂದು ಕಿವಿ ನೆಟ್ಟಗಾಗುತ್ತಿತ್ತು, ಮರಳಿನಲ್ಲಿ ನಿಂತಾಗ ಉಡುಪಿಯ ಸಭೆ ಶುರುವಾಯಿತೋ ಎಂದು ಮನಸ್ಸು ಎಳೆಯುತ್ತಿತ್ತು. ಎರಡೂ ಕಡೆ ಅರ್ಧರ್ಧ ಇದ್ದ ಮನುಷ್ಯ ಎಲ್ಲಿಯೂ ಪೂರ್ತಿ ಇರಲಿಲ್ಲ. ನಳಿನಾಕ್ಷಿ ಮೀನಿನ ಬುಟ್ಟಿ ಇಳಿಸಿ, "ಇವತ್ತು ಯಾರ ಭೂಮಿ ಉಳಿಸಿ ಬಂದದ್ದು?" ಎಂದು ಕೇಳುತ್ತಿದ್ದಳು. ಅವನು ನಗುತ್ತಿದ್ದ. ಆಗ ನಗಬಹುದಾಗಿತ್ತು.

ಕಾರ್ಕಳದಲ್ಲಿ ಯಶ್ವಂತ ಒಂದು ಕೆರೆಯ ಹೂಳೆತ್ತುವ ಶ್ರಮದಾನ ಇಟ್ಟುಕೊಂಡಿದ್ದ. ಪಡುಬಿದ್ರೆಗೆ ಹೋಗಿ ಕಾರ್ಕಳದ ಬಸ್ಸು ಹಿಡಿದು ಗುಣಪಾಲ ಬಂದಿಳಿದ. ಕೆಸರು ತುಂಬಿದ ಬುಟ್ಟಿಗಳು ಕೈಯಿಂದ ಕೈಗೆ ಸಾಗುತ್ತಿದ್ದಾಗ ರಸ್ತೆಯಲ್ಲಿ ದೊಡ್ಡ ದೊಡ್ಡ ಬಂಡೆ ಹೇರಿದ ಲಾರಿಗಳು ಒಂದರ ಹಿಂದೆ ಒಂದು ಹೋದವು.

"ನಮ್ಮ ಗುಡ್ಡ ಹೋಗ್ತಾ ಉಂಟು, ನೋಡಿ" ಎಂದ ಯಶ್ವಂತ. "ಈ ಕಲ್ಲೆಲ್ಲ ನಿಮ್ಮ ಕಡೆಗೇ ಬರುವುದು, ಗುಣಪಾಲಣ್ಣ. ಈ ವರ್ಷ ಕಾಪುವಿನಲ್ಲಿಯೂ ಕಡಲಿಗೆ ತಡೆಗೋಡೆ ಅಂತಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಗುಣಪಾಲ ಊರಿಗೆ ಬಂದವನೇ ಕಡಲಿಗೆ ಓಡಿದ. ಫಂಡಿನವರು ಬಲೆ ಎಳೆಯುವ ಮರಳಿನ ಉದ್ದಕ್ಕೂ ಇಲಾಖೆಯವರು ಗೂಟ ಹೊಡೆದು ಕೆಂಪು ಬಣ್ಣ ಬಳಿದು ಹೋಗಿದ್ದರು. ಅಲ್ಲಿ ಬಂಡೆಗಳು ಬಿದ್ದವೆಂದರೆ ಮುಗಿಯಿತು. ಕಲ್ಲಿನ ಮೇಲೆ ಬಲೆ ಎಳೆಯಲಾಗುವುದಿಲ್ಲ, ಹರಿದು ಚಿಂದಿಯಾಗುತ್ತದೆ. ಆ ಮರಳಿಲ್ಲದಿದ್ದರೆ ಫಂಡೂ ಇಲ್ಲ. ಅಜ್ಜನ ಕಾಲದಿಂದ ಎಳೆದ ಜಾಗ ಅದು.

ಕೂಸಪ್ಪ ದೋಣಿಯ ನೆರಳಿನಲ್ಲಿ ಕುಳಿತು ಬಲೆ ಹೊಲಿಯುತ್ತಿದ್ದ. "ಮಳೆಗಾಲದಲ್ಲಿ ಮನೆಗಳ ಹಿತ್ತಿಲು ಹೋಯಿತಲ್ಲ, ಅದಕ್ಕೆ" ಎಂದ. "ಇಲಾಖೆಯವರು ಜನರನ್ನು ಕರೆದು ಕೇಳುತ್ತಾರಂತೆ. ಮನೆಗಳಿರುವಲ್ಲಿ ಮಾತ್ರ ಕಲ್ಲು ಹಾಕಿ, ನಾವು ಎಳೆಯುವಷ್ಟು ಜಾಗ ಬಿಟ್ಟುಕೊಡಿ ಅಂತ ಹೇಳುವ. ಆದರೆ ಮನೆಗಳವರು ಒಪ್ಪಬೇಕು. ಜಾಗ ಬಿಟ್ಟರೆ ಅಲ್ಲಿಂದ ನೀರು ನುಗ್ಗುತ್ತದೆ ಅಂತ ಅವರಿಗೆ ಹೆದರಿಕೆ. ನೀನು ನಾಲ್ಕು ಮನೆಗೆ ಹೋಗಿ ಮಾತಾಡು. ನಿನ್ನ ಮಾತು ಕೇಳುತ್ತಾರೆ."

"ನಾಲ್ಕು ಮನೆಯಿಂದ ಎಂತ ಆಗುತ್ತದೆ, ಕೂಸಪ್ಪಣ್ಣ?" ಎಂದ ಗುಣಪಾಲ. "ನಾನು ಮಣಿಪಾಲದಿಂದ ಕಾರ್ಕಳದವರೆಗಿನ ಜನ ತರುತ್ತೇನೆ. ದೊಡ್ಡ ದೊಡ್ಡವರ ಪರಿಚಯ ಉಂಟು. ಅವರ ಹಗ್ಗವನ್ನೆಲ್ಲ ನಾನು ಹಿಡಿದದ್ದಲ್ವಾ? ನಮ್ಮದಕ್ಕೆ ಅವರು ಬರುತ್ತಾರೆ."

ಕೂಸಪ್ಪ ಸೂಜಿ ನಿಲ್ಲಿಸಿ ಅವನನ್ನು ನೋಡಿದ. ಆಮೇಲೆ ಮತ್ತೆ ಹೊಲಿಯತೊಡಗಿದ. ಆ ಮೌನವನ್ನು ಗುಣಪಾಲ ಒಪ್ಪಿಗೆ ಎಂದುಕೊಂಡ. ಮಾತಿನ ಮನುಷ್ಯರಿಗೆ ಈ ರೋಗವಿರುತ್ತದೆ, ಎದುರಿನವರ ಮೌನವನ್ನೂ ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಾರೆ.

ಅಂದಿನಿಂದ ಅವನ ತಿರುಗಾಟಕ್ಕೆ ಒಂದು ಕಾರಣ ಸಿಕ್ಕಿತು. ಮೊದಲು ಖುಷಿಗೆ ಹೋಗುತ್ತಿದ್ದವನು ಈಗ ಗಾಬರಿಯಿಂದ ಹೋಗತೊಡಗಿದ. ಒಂದು ಕಾರ್ಯಕ್ರಮ ತಪ್ಪಿದರೆ ಒಬ್ಬ ಮನುಷ್ಯ ಕೈತಪ್ಪಿದ ಹಾಗೆ. ಸೈಕಲ್ ಜಾಥಾದಲ್ಲಿ ಸೈಕಲ್ ಬಾರದವನು ಹಿಂದಿನಿಂದ ರಿಕ್ಷಾದಲ್ಲಿ ನೀರಿನ ಕ್ಯಾನು ಹಿಡಿದು ಬಂದ. ಹಕ್ಕಿ ನೋಡುವವರ ಜೊತೆ ಬೆಳಗ್ಗೆ ಗದ್ದೆಯ ಬದುವಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತ, ಪಾಪ, ಅದು ಅವನಿಗೆ ಎಷ್ಟು ಕಷ್ಟವಾಗಿರಬೇಕು. ಎಲ್ಲಿ ಹೋದರೂ ಕೊನೆಗೆ ಒಂದೇ ಮಾತು: "ನಮ್ಮದೊಂದು ಕಡಲಿನ ವಿಷಯ ಉಂಟು, ಆ ದಿನ ನೀವು ಬರಬೇಕು." ಎಲ್ಲರೂ "ಖಂಡಿತ" ಎನ್ನುತ್ತಿದ್ದರು. ಆ ಖಂಡಿತ ಎಷ್ಟು ಗಟ್ಟಿ ಎಂದು ಯೋಚಿಸುತ್ತಾ ಬಸ್ಸಿನಲ್ಲಿ ಉಗುರು ಕಚ್ಚುತ್ತಿದ್ದ.

ಒಂದು ದಿನ ಶ್ರೇಯಾ ಮತ್ತು ಅವಳ ಜೊತೆಯ ಕಾಲೇಜು ಮಕ್ಕಳನ್ನು ಕಡಲ್ಕೊರೆತ ತೋರಿಸಲು ಕರೆತಂದ. ತೋರಿಸಲು ತನ್ನ ಅಕ್ಕ ಅಮ್ಮಣ್ಣಿಯ ಮನೆಗಿಂತ ಒಳ್ಳೆಯ ಜಾಗವಿರಲಿಲ್ಲ. ಅಮ್ಮಣ್ಣಿಯ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಹಿತ್ತಿಲಿನ ತೆಂಗಿನ ಮರಗಳು ಹೋದ ಮಳೆಗಾಲದಲ್ಲಿ ಕಡಲು ಸೇರಿದ್ದವು, ಬಟ್ಟೆ ಒಗೆಯುವ ಕಲ್ಲು ಕೂಡ. ಈಗ ಅಡುಗೆಮನೆಯ ಗೋಡೆಗೂ ನೀರಿಗೂ ನಡುವೆ ಒಂದು ಪಟ್ಟಿ ಮರಳು ಉಳಿದಿತ್ತು. ಮಕ್ಕಳು ಅಲ್ಲಿ ನಿಂತು ಫೋಟೋ ತೆಗೆದರು, ಅಳತೆ ಹಿಡಿದರು. ಅಮ್ಮಣ್ಣಿ ಸಂಭ್ರಮದಿಂದ ಎಲ್ಲರಿಗೂ ಲಿಂಬೆ ಶರಬತ್ತು ಮಾಡಿಕೊಟ್ಟಳು. ಅವರು ಲೋಟ ತೊಳೆದಿಟ್ಟು, ಕೈಮುಗಿದು ಹೊರಟ ಮೇಲೆ ತಮ್ಮನನ್ನು ಒಳಗೆ ಕರೆದಳು.

"ಒಳ್ಳೆಯ ಮಕ್ಕಳು. ಇವರು ಕಲ್ಲು ಬೇಗ ತರಿಸುತ್ತಾರಾ, ಗುಣಾ?"

ಗುಣಪಾಲ ತಡವರಿಸಿದ. "ಇಲ್ಲಕ್ಕ. ಇವರು... ಕಲ್ಲು ಬೇಡ ಅಂತ ಹೇಳುವವರು. ಒಂದು ಕಡೆ ಕಲ್ಲು ಹಾಕಿದರೆ ಕಡಲು ಇನ್ನೊಂದು ಕಡೆ ತಿನ್ನುತ್ತದಂತೆ. ನಿನ್ನ ಮನೆಯ ಎದುರು ಹಾಕಲಿ, ನಾವು ಎಳೆಯುವಲ್ಲಿ ಬೇಡ ಅಂತ ನಾನು ಹೇಳಿಸುತ್ತೇನೆ."

"ಇನ್ನೊಂದು ಕಡೆ ಅಂದರೆ?"

"ಅದು... ಇರಲಿ, ನಿನಗೆ ನಾನು ಕುಳಿತು ವಿವರವಾಗಿ ಹೇಳುತ್ತೇನೆ."

"ಹೇಳು. ಈಗಲೇ ಕುಳಿತುಕೋ" ಎಂದು ಅಮ್ಮಣ್ಣಿ ಮಣೆ ಹಾಕಿದಳು. ಅಷ್ಟರಲ್ಲಿ ಹೊರಗಿನಿಂದ ಶ್ರೇಯಾ, "ಅಂಕಲ್, ಬಸ್ಸಿಗೆ ಹೊತ್ತಾಯಿತು" ಎಂದು ಕರೆದಳು. "ನಾಳೆ ಬರುತ್ತೇನೆ ಅಕ್ಕ" ಎಂದು ಹೊರಟ. ಮರುದಿನ ಉಡುಪಿಯಲ್ಲಿ ಸೆಲೀನಳ ಗೊಬ್ಬರದ ಪ್ರದರ್ಶನವಿತ್ತು. ಅದರ ಮರುದಿನ ಇನ್ನೊಂದು. ಆ ನಾಳೆ ಬರಲೇ ಇಲ್ಲ.

ಆ ಸಲದ ರಂಪಣಿಯಲ್ಲಿ ಮೊದಲೇ ಜನ ಕಡಿಮೆ. ಕೆಲವರು ಮುದುಕರಾಗಿದ್ದರು, ಕೆಲವರು ಮಲ್ಪೆಯ ಬೋಟುಗಳಿಗೆ ಹೋಗಿದ್ದರು. ಹಾಗಿರುವಾಗ ಒಂದು ಬೆಳಗ್ಗೆ ಬಂಗುಡೆ ಮೀನಿನ ದೊಡ್ಡ ಹಿಂಡು ಬಂತು. ವರ್ಷಕ್ಕೊಮ್ಮೆ ಬರುವ ಭಾಗ್ಯ ಅದು. ಬಲೆ ಬಿಟ್ಟರು. ಕೂಸಪ್ಪ ಗುಣಪಾಲನಿಗೆ ಫೋನು ಮಾಡಿದ.

ಗುಣಪಾಲ ಮಣಿಪಾಲದ ತಣ್ಣಗಿನ ಸಭಾಂಗಣದಲ್ಲಿದ್ದ. ಚಹಾದ ಸಾಲಿನಲ್ಲಿ ಅವನ ಮುಂದೆಯೇ ಬೆಂಗಳೂರಿನಿಂದ ಬಂದ ಒಬ್ಬ ದೊಡ್ಡ ಮನುಷ್ಯರು ನಿಂತಿದ್ದರು. ಅವರ ಒಂದು ಮಾತಿಗೆ ಇಲಾಖೆಯಲ್ಲಿ ಬೆಲೆ ಇದೆ ಎಂದು ಸೆಲೀನ್ ಕಿವಿಯಲ್ಲಿ ಹೇಳಿದ್ದಳು. ಬೆಳಗ್ಗಿನಿಂದ ಅವರ ಹತ್ತಿರ ಸೇರಲು ಗುಣಪಾಲ ಕಾಯುತ್ತಿದ್ದ. ಅವರು ತಿರುಗಿ, "ನೀವೇನಾ ಕಾಪುವಿನವರು?" ಎಂದು ಕೇಳಿದರು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು. ಕೂಸಪ್ಪನ ಹೆಸರು ನೋಡಿದ. ಕತ್ತರಿಸಿದ. ಮತ್ತೆ ನಡುಗಿತು. ಮತ್ತೆ ಕತ್ತರಿಸಿದ. ಎದುರಿನವರು ನಗುತ್ತಾ ಕೇಳುತ್ತಿದ್ದರು, ಅವನು ನಗುತ್ತಾ ಹೇಳುತ್ತಿದ್ದ. ಅವರು "ಬಹಳ ಸಂತೋಷ, ನೋಡೋಣ" ಎಂದು ಕಾರ್ಡು ಕೊಟ್ಟು ಬಿಸ್ಕತ್ತಿನ ತಟ್ಟೆಯ ಕಡೆ ಹೋದರು.

ಕಾಪುವಿನಲ್ಲಿ ನೀರಿನ ಸೆಳೆತ ತೆಂಕಿಗೆ ತಿರುಗಿತ್ತು. ಎಳೆಯುವ ಕೈ ಸಾಲಲಿಲ್ಲ, ಇದ್ದವರ ಕಾಲು ಒಟ್ಟಿಗೆ ಬೀಳಲಿಲ್ಲ, ಕೂಗು ಹಾಕುವವನಿಲ್ಲ. ಮೀನು ಮಾರಲು ಬಂದಿದ್ದ ಹೆಂಗಸರೂ ಬುಟ್ಟಿ ಬಿಟ್ಟು ಹಗ್ಗ ಹಿಡಿದರು, ನಳಿನಾಕ್ಷಿಯೂ ಹಿಡಿದಳು. ಬಲೆ ತುಂಬಿದ ಬಂಗುಡೆಯ ಸಮೇತ ದೀಪಸ್ತಂಭದ ಬಂಡೆಗಳ ಕಡೆಗೆ ಜಾರಿ ಉದ್ದಕ್ಕೆ ಹರಿಯಿತು. ಮೀನು ಕಣ್ಣೆದುರೇ ಕಡಲಿಗೆ ಮರಳಿತು.

ಸಂಜೆ ಗುಣಪಾಲ ಬಂದಾಗ ನಳಿನಾಕ್ಷಿ ಜಗಲಿಯಲ್ಲಿ ಅಂಗೈ ಮೇಲೆ ಮಾಡಿ ಕುಳಿತಿದ್ದಳು. ಹಗ್ಗ ಉಜ್ಜಿ ಚರ್ಮ ಕಿತ್ತುಹೋಗಿತ್ತು. ಅವನು ಕಡಲಿಗೆ ಹೋದ. ಕೂಸಪ್ಪ ಹರಿದ ಬಲೆಯನ್ನು ಹರಡಿಕೊಂಡಿದ್ದ. "ಬಂದೆಯಾ" ಎಂದ, ಅಷ್ಟೇ. ಬಯ್ದಿದ್ದರೆ ಗುಣಪಾಲ ಬದುಕುತ್ತಿದ್ದ. ಬೈಗುಳಕ್ಕೆ ಉತ್ತರ ಕೊಡಬಹುದು, ಕೊನೆಗೆ ನಕ್ಕು ಮುಗಿಸಬಹುದು.

ಆಮೇಲೆ ಕೆಲವು ಸಲ ಫಂಡಿನಿಂದ ಮನೆಗೆ ಮೀನು ಬಂತು. ಕಾಯಿಲೆ ಬಿದ್ದು ಕೆಲಸಕ್ಕೆ ಬರಲಾಗದವರ ಮನೆಗೆ ಹಾಗೆ ಕಳಿಸುವ ರೂಢಿ ಅವರಲ್ಲಿದೆ. ನಳಿನಾಕ್ಷಿ ಅದನ್ನು ತೆಗೆದುಕೊಳ್ಳುವಾಗ ತಲೆ ಎತ್ತುತ್ತಿರಲಿಲ್ಲ. "ನಿಮಗೆ ಎಂತ ಕಾಯಿಲೆ ಅಂತ ಯಾರಾದರೂ ಕೇಳಿದರೆ ನಾನು ಎಂತ ಹೇಳುವುದು?" ಎಂದು ಒಮ್ಮೆ ಕೇಳಿದಳು. ಮುಂದೆ ಮೀನು ಬರುವುದು ನಿಂತಿತು. ಕೂಸಪ್ಪನ ಫೋನೂ ನಿಂತಿತು. ಗುಣಪಾಲ ಇದನ್ನು ಕೂಡ ತನಗೆ ಬೇಕಾದಂತೆಯೇ ಓದಿಕೊಂಡ: ಅವರಿಗೆ ಅರ್ಥವಾಗಿದೆ, ನಾನು ಅವರಿಗಾಗಿಯೇ ಓಡಾಡುತ್ತಿರುವುದು.

ಅಹವಾಲು ಕೇಳುವ ದಿನ ಗೊತ್ತಾಯಿತು. ಮಣಿಪಾಲದ ಸರಕಾರಿ ಕಚೇರಿಯ ಸಭಾಂಗಣದಲ್ಲಿ, ಬೆಳಗ್ಗೆ. ಹಿಂದಿನ ದಿನವಿಡೀ ಗುಣಪಾಲನ ಕಿವಿಯಿಂದ ಫೋನು ಇಳಿಯಲಿಲ್ಲ. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಮಾತಾಡಿದ. ಸೆಲೀನ್, "ನೋಡುವ ಗುಣಪಾಲಣ್ಣ, ನಾಳೆ ಇಗರ್ಜಿಯದ್ದೊಂದು ಕೆಲಸ ಉಂಟು" ಎಂದಳು. ಯಶ್ವಂತನಿಗೆ ಶಾಲೆಯಲ್ಲಿ ರಜೆ ಸಿಗಬೇಕಿತ್ತು. ಶ್ರೇಯಾಳ ಜೊತೆಯ ಕಾಲೇಜು ಮಕ್ಕಳಿಗೆ ಪರೀಕ್ಷೆ. ಬೆಂಗಳೂರಿನ ದೊಡ್ಡ ಮನುಷ್ಯರು ಫೋನು ಎತ್ತಲೇ ಇಲ್ಲ. ಗುಣಪಾಲನಿಗೆ ನಾಳೆ ಖಾಲಿ ಕುರ್ಚಿಗಳ ಮುಂದೆ ನಿಂತು ಕೂಸಪ್ಪಣ್ಣನಿಗೆ ಯಾವ ಮುಖ ತೋರಿಸುವುದು ಎಂಬ ಒಂದೇ ಚಿಂತೆ.

"ಮಂದಿರಕ್ಕೆ ಕೂಸಪ್ಪಣ್ಣ ಎಲ್ಲರನ್ನೂ ಕರೆದಿದ್ದಾರೆ. ಮನೆಗಳವರೂ ಬರುತ್ತಾರೆ. ಒಮ್ಮೆ ಹೋಗಿ ಬನ್ನಿ" ಎಂದಳು ನಳಿನಾಕ್ಷಿ. ಭಜನಾ ಮಂದಿರ ಅವರ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ.

"ನಮ್ಮವರನ್ನು ನಾನು ಕರೆಯಬೇಕಾ? ಅವರದ್ದೇ ಕೆಲಸ ಅಲ್ವಾ? ಬರುವವರೇ" ಎಂದು ಅವನು ಮುಂದಿನ ನಂಬರು ಒತ್ತಿದ.

ನಳಿನಾಕ್ಷಿ ಸೆರಗು ಸರಿಮಾಡಿಕೊಂಡು ಒಬ್ಬಳೇ ಮಂದಿರಕ್ಕೆ ಹೋದಳು. ಬಂದ ಮೇಲೆ ಅಲ್ಲಿ ಏನಾಯಿತೆಂದು ಅವನು ಕೇಳುತ್ತಾನೋ ಎಂದು ಕಾದಳು. ಅವನು ಕಾರ್ಕಳದವರ ಜೀಪಿಗೆ ಡ್ರೈವರ್ ಹುಡುಕುತ್ತಿದ್ದ.

ಬೆಳಗ್ಗೆ ಅವನು ಮೊದಲ ಬಸ್ಸಿಗೇ ಹೋಗಿ ಸಭಾಂಗಣದ ಮೆಟ್ಟಿಲಲ್ಲಿ ಕಾದ. ಹೊತ್ತು ಏರುತ್ತಾ ಹೋಯಿತು, ಯಾರೂ ಇಲ್ಲ. ಕುಳಿತ, ಎದ್ದ, ಗೇಟಿನ ತನಕ ಹೋಗಿ ಬಂದ. ಆಗ ಒಂದು ಜೀಪು ಬಂದು ನಿಂತಿತು. ಕಾರ್ಕಳದ ಯಶ್ವಂತ, ಅವನ ಹಿಂದೆ ಕೆರೆಯ ಶ್ರಮದಾನದಲ್ಲಿ ಕಂಡಿದ್ದ ಮುಖಗಳೆಲ್ಲ. ಬೆನ್ನಿಗೇ ರಿಕ್ಷಾಗಳಲ್ಲಿ ಸೆಲೀನ್ ಮತ್ತು ಸಂತೆಕಟ್ಟೆಯ ಹೆಂಗಸರು. "ಇಗರ್ಜಿಯ ಕೆಲಸ ಫಾದರಿಗೇ ಒಪ್ಪಿಸಿ ಬಂದೆ" ಎಂದಳು ಅವಳು. ಹಸಿರು ಟೀಶರ್ಟು ಹಾಕಿದ ಶ್ರೇಯಾಳ ದಂಡು ನಡೆದೇ ಬಂತು. ಹಕ್ಕಿಯವರು, ಸೈಕಲಿನವರು, ಪೆರ್ಡೂರಿನ ಶಾಲೆಯ ಟೀಚರು. ಖಂಡಿತ ಎಂದವರೆಲ್ಲ ಖಂಡಿತ ಬಂದರು. ಗುಣಪಾಲನ ಕಣ್ಣು ತುಂಬಿತು. ಒಬ್ಬೊಬ್ಬರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದ. ಸಭಾಂಗಣದ ಒಂದು ಬದಿ ತುಂಬಿತು. ಲೋಕದ ನ್ಯಾಯ ಎಲ್ಲ ಕಡೆ ಒಂದೇ ಎಂದು ಅವನಿಗೆ ಅಂದು ಪೂರ್ತಿ ನಂಬಿಕೆಯಾಯಿತು. ಅಂಥ ಸಂತೋಷ ಅವನ ಜೀವನದಲ್ಲಿ ಮತ್ತೆ ಬರಲಿಲ್ಲ.

ಕೊನೆಗೆ ಕಾಪುವಿನ ವ್ಯಾನು ಬಂತು. ಕೂಸಪ್ಪ, ಫಂಡಿನವರು, ಕಡಲ ಬದಿಯ ಮನೆಗಳವರು, ಅಮ್ಮಣ್ಣಿ, ನಳಿನಾಕ್ಷಿ. ಗುಣಪಾಲ ಕೈ ಬೀಸಿ ತನ್ನ ಬದಿಗೆ ಕರೆದ. ಅವರು ಇನ್ನೊಂದು ಬದಿಯಲ್ಲಿ ಕುಳಿತರು. ಇಲ್ಲಿ ಜಾಗವಿಲ್ಲವೆಂದು ಹಾಗೆ ಕುಳಿತರೆಂದುಕೊಂಡ.

ಶ್ರೇಯಾ ಮಾತಾಡಿದಳು, ನಕ್ಷೆ ತೋರಿಸಿ ಚೆನ್ನಾಗಿಯೇ ಮಾತಾಡಿದಳು. ಯಶ್ವಂತ ಕಾರ್ಕಳದ ಗುಡ್ಡದ ವಿಷಯ ಹೇಳಿದ. ಗುಣಪಾಲ ಎದ್ದು, ಬಲೆ ಎಳೆಯುವ ಜಾಗ ಬಿಟ್ಟು ಉಳಿದ ಕಡೆ ಕಲ್ಲು ಹಾಕಿ ಎಂದು ಕೇಳಿಕೊಂಡ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಅಧಿಕಾರಿ, "ಹೊರಗಿನವರ ಅಭಿಪ್ರಾಯ ಆಯಿತು. ಆ ಮರಳಿನಲ್ಲಿ ಕೆಲಸ ಮಾಡುವವರು ಏನು ಹೇಳುತ್ತೀರಿ?" ಎಂದು ಇನ್ನೊಂದು ಬದಿಗೆ ತಿರುಗಿದರು.

ಕೂಸಪ್ಪ ಎದ್ದ. "ಜಾಗ ಬಿಡಿ ಅಂತ ಕೇಳುವ ಅಂದುಕೊಂಡಿದ್ದೆವು. ಆದರೆ ಮನೆಗಳವರಿಗೆ ಧೈರ್ಯ ಹೇಳುವವರು ಯಾರೂ ಹೋಗಲಿಲ್ಲ. ಎಳೆಯಲಿಕ್ಕೆ ನಮ್ಮಲ್ಲಿ ಜನವೂ ಇಲ್ಲ, ಬಲೆಯೂ ಹರಿದಿದೆ. ನಾವು ಎಳೆಯದ ಮರಳಿಗಾಗಿ ಅಮ್ಮಣ್ಣಿಯಕ್ಕನ ಮನೆ ಯಾಕೆ ಹೋಗಬೇಕು? ಕಲ್ಲು ಪೂರ್ತಿ ಹಾಕಿ. ನಿನ್ನೆ ಮಂದಿರದಲ್ಲಿ ಎಲ್ಲರೂ ಒಪ್ಪಿದ್ದಾರೆ."

"ಇಲ್ಲ, ಕೂಸಪ್ಪಣ್ಣ" ಎಂದ ಗುಣಪಾಲ. ಕಡಲಿನ ಗಾಳಿಯಲ್ಲಿ ಆಚೆ ಸಾಲಿಗೆ ಕೇಳುತ್ತಿದ್ದ ಅವನ ಕೂಗು ಇಲ್ಲಿ ಆಚೆ ಬದಿಗೆ ಮುಟ್ಟಲಿಲ್ಲ.

ಅಧಿಕಾರಿ ಕೂಸಪ್ಪನನ್ನು ಕೇಳಿದರು. "ಇವರೂ ನಿಮ್ಮ ತಂಡದವರೇ?"

ಕೂಸಪ್ಪ ಗುಣಪಾಲನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. "ಹೌದು, ನಮ್ಮವನೇ" ಎಂದ. "ಈ ವರ್ಷ ಬರಲಿಲ್ಲ, ಅಷ್ಟೇ."

ಅಮ್ಮಣ್ಣಿ ತಲೆ ತಗ್ಗಿಸಿ ಕುಳಿತಿದ್ದಳು. ಅಧಿಕಾರಿ ಮುಂದಿನ ಊರಿನವರನ್ನು ಕರೆದರು.

ಹೊರಗೆ ಬಂದಾಗ ಸೆಲೀನ್ ಅವನ ಕೈ ಹಿಡಿದು ಏನೋ ಹೇಳಿದಳು. ಶ್ರೇಯಾ, "ಸೋತೆವು ಅಂತಲ್ಲ, ಅಂಕಲ್. ಇಷ್ಟು ಜನ ಒಟ್ಟು ಸೇರಿದ್ದೇ ದೊಡ್ಡದು" ಎಂದಳು. ಅದು ಸುಳ್ಳಲ್ಲ, ಅವಳು ಮನಸ್ಸಿನಿಂದಲೇ ಹೇಳಿದ್ದು. ಮಕ್ಕಳು ಮೆಟ್ಟಿಲ ಮೇಲೆ ಫೋಟೋಗೆ ಸಾಲಾಗಿ ನಿಂತು ಅವನಿಗೆ ನಡುವೆ ಜಾಗ ಬಿಟ್ಟಿದ್ದರು. ಗುಣಪಾಲನಿಗೆ ಅವಮಾನದಿಂದ ಮೈ ಉರಿಯುತ್ತಿತ್ತು. ಇವರ ಮೇಲೆ ಸಿಟ್ಟು ಮಾಡಲು ಕಾರಣ ಹುಡುಕಿದ, ಸಿಗಲಿಲ್ಲ. ಅವರು ಬಂದಿದ್ದರು. ಕಾಪುವಿನ ವ್ಯಾನು ಹೊರಡುವ ಸದ್ದು ಕೇಳಿ ಅವನು ಫೋಟೋ ಬಿಟ್ಟು ಓಡಿದ.

ವ್ಯಾನು ನಿಂತಿತು. ಬಾ ಎಂದೂ ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಳಿನಾಕ್ಷಿ ಸರಿದು ಕುಳಿತಳು. ಅವನು ಕೂಸಪ್ಪನ ಹಿಂದಿನ ಸೀಟಿನಲ್ಲಿ ಕುಳಿತ. ಮಣಿಪಾಲದ ಇಳಿಜಾರು ಕಳೆದು ಉಡುಪಿ ದಾಟಿದ ಮೇಲೆ ತಡೆಯಲಾರದೆ ಮುಂದಕ್ಕೆ ಬಾಗಿ ಕೇಳಿದ.

"ಕೂಸಪ್ಪಣ್ಣ, ಕಲ್ಲು ಬಿದ್ದ ಮೇಲೆ ನಮಗೆ ಎಂತ ದಾರಿ?"

"ಎಲ್ಲರಿಗೂ ಮಲ್ಪೆಯ ಬೋಟುಗಳಲ್ಲಿ ಮಾತಾಡಿ ಆಗಿದೆ. ಮುದುಕರಿಗೆ ಅಲ್ಲಿಯೇ ಬಲೆ ಹೊಲಿಯುವ ಕೆಲಸ. ಸೋಮವಾರದಿಂದ ಹೋಗುವುದು."

"ಹಾಗಾದರೆ ನಾನು?"

ಕೂಸಪ್ಪ ನಿಜಕ್ಕೂ ಆಶ್ಚರ್ಯದಿಂದ ಹಿಂತಿರುಗಿ ನೋಡಿದ. "ನಿನ್ನದು ನಾನು ಕೇಳಲಿಲ್ಲ ಮಾರಾಯ" ಎಂದ. "ನಿನಗೆ ಮಣಿಪಾಲದಲ್ಲಿ ಎಂತದೋ ಕೆಲಸ ಸಿಕ್ಕಿದೆ ಅಂತ ನಾವೆಲ್ಲ ತಿಳಿದುಕೊಂಡದ್ದು. ಇಲ್ವಾ?"